ನಸ್ರೀನಳ ಕರಣೆ

ಆಗೆಲ್ಲ ಮರಾಠಿ ಸೀಮೆಯ ಕಲ್ಯಾಣದ ನಮ್ಮ ಬಿಲ್ಡಿಂಗಿಗೆ ದೀಪಾವಳಿಯಲ್ಲಿ ಪಟಾಕಿಗಿಂತ ಮೊದಲು ಮಣ್ಣು ಬರುತ್ತಿತ್ತು. ಮಕ್ಕಳೆಲ್ಲ ಸೇರಿ ಅಂಗಳದ ಮೂಲೆಯಲ್ಲಿ ಕಿಲ್ಲೆ, ಪುಟ್ಟ ಮಣ್ಣಿನ ಕೋಟೆ, ಕಟ್ಟುತ್ತಿದ್ದೆವು. ಕಲ್ಲು ಪೇರಿಸಿ, ಕೆಸರು ಮೆತ್ತಿ, ಹುಲ್ಲಿನಂತೆ ಮೊಳೆಯಲೆಂದು ಸಾಸಿವೆ ಚೆಲ್ಲುವುದು. ಮೇಲಿನಿಂದ ಚಕ್ಕುಲಿ ಕರಿಯುವ ವಾಸನೆ, ಕೆಳಗೆ ಒದ್ದೆ ಮಣ್ಣಿನದು. ಕಿಲ್ಲೆಯ ಬಾಗಿಲು ಮಾತ್ರ ಪಕ್ಕದ ಚಾಳಿನ ನಸ್ರೀನಳ ಪಾಲಿನ ಕೆಲಸ. ಅವಳಪ್ಪ ಗವಂಡಿ, ಗೋಡೆ ಕಟ್ಟುವವರು. ಅವರ ಹಳೇ ಕರಣೆ ತಂದು ಅವಳು ತಿದ್ದಿದ ಕಮಾನು ಎಂದೂ ಕುಸಿದದ್ದಿಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಇತಿಹಾಸದ ಪುಸ್ತಕದಲ್ಲಿ ನಮ್ಮ ವಿಜಾಪುರದ ಬಾದಶಹರೆಲ್ಲ ಶತ್ರುಗಳು. ಹೌದೇನು ಎಂದು ಅಜ್ಜಿಯನ್ನು ಕೇಳಿದೆ.

"ಎಲ್ಲಾರೂ ಒಂದಽ ಥರಾ ಇರಲಿಲ್ಲವ್ವಾ," ಅಂದಳು ಕರಜಿಕಾಯಿ ತುಂಬುತ್ತ. "ಒಬ್ಬಾವ ಸರಸ್ವತೀನ್ನ ತಾಯಿ ಅಂತ ಹಾಡಿದ. ಆಮ್ಯಾಲೆ ಬಂದವ್ರಿಗೆ ಅದು ಸೇರಲಿಲ್ಲ. ಗಾದಿ ಮ್ಯಾಲಿನಾವ ಬದಲಾದ್ರ ಓಣ್ಯಾಗಿನ ಮಂದಿ ದನೀನೂ ಬದಲಾಗ್ತದ."

ಆ ವರ್ಷವೇ ನಮ್ಮ ಸೊಸೈಟಿಯ ಚೇರ್ಮನ್ನರೂ ಬದಲಾಗಿದ್ದರು. ಹಳಬರು ಕಿಲ್ಲೆ ನೋಡಿ, ಲಾಡು ಹಂಚಿ ಹೋಗುತ್ತಿದ್ದರು. ಯಾರ ಮಕ್ಕಳೆಂದು ಕೇಳಿದವರಲ್ಲ. ಹೊಸಬರು ಬಂದು ನಿಂತು, "ಬಾಹೇರಚೀ ಮುಲಂ ನಕೋತ," ಹೊರಗಿನ ಮಕ್ಕಳು ಬೇಡ, ಎಂದರು. ಅದೇ ಚಾಳಿನ ರೋಹನನೂ ಅಲ್ಲೇ ಇದ್ದ. ಅವರು ನೋಡಿದ್ದು ನಸ್ರೀನಳನ್ನು ಮಾತ್ರ. ಆಮೇಲೆ ನನ್ನತ್ತ ತಿರುಗಿ ನಕ್ಕರು: "ತೂ ವಿಜಾಪುರಚೀ ನಾ? ಬಾದಶಾಹಾಚ್ಯಾ ಗಾವಚೀ!"

ಬಾದಶಹನ ಊರಿನವಳು. ನನ್ನನ್ನೂ ಕಳಿಸಿಬಿಟ್ಟರೆ ಎಂದು ಹೆದರಿದೆ. ತಲೆ ತಗ್ಗಿಸಿ ಮಣ್ಣು ಕಲಸತೊಡಗಿದೆ.

ನಸ್ರೀನ ಕೈ ತೊಳೆದುಕೊಂಡಳು. ಕರಣೆ ನನ್ನ ಪಕ್ಕದಲ್ಲಿಟ್ಟು, "ದರ್ವಾಜಾ ಗೀಲಾ ಹೈ, ಸಂಭಾಲ್ನಾ," ಎಂದು ಹೋದಳು. ನನಗೆ ಏನೂ ಅನ್ನಿಸಲಿಲ್ಲ. ಬಾಗಿಲು ಹಸಿಯಿತ್ತು, ಅವಳದೇ ಕರಣೆಯಿಂದ ಮುಗಿಸಿದೆ. ಆ ಸಲ ಓಣಿಯ ಕಿಲ್ಲೆ ಸ್ಪರ್ಧೆಯಲ್ಲಿ ನಮ್ಮದಕ್ಕೆ ಬಹುಮಾನವೂ ಬಂತು.

"ಆ ಪೋರಿ ಕಾಣವಲ್ಲಳಲ್ಲ?" ಎಂದಳು ಅಜ್ಜಿ. ಊರಿಗೆ ಹೋಗಿದ್ದಾಳೆ ಅಂದೆ.

ಈಗ ಆ ಬಿಲ್ಡಿಂಗೂ ಇಲ್ಲ, ಚಾಳೂ ಇಲ್ಲ. ಅಲ್ಲೆದ್ದ ಟವರಿನ ಲಾಬಿಯಲ್ಲಿ ಅಂಗಡಿಯಿಂದ ತಂದ ಸಿದ್ಧ ಕಿಲ್ಲೆ ಇಡುತ್ತಾರೆ, ಕೈ ಕೆಸರಾಗುವುದಿಲ್ಲ. ಚಾಳು ಬೀಳುವಷ್ಟರಲ್ಲಿ ನಮಗೆ ಮೂವರು ಚೇರ್ಮನ್ನರು ಆಗಿಹೋಗಿದ್ದರು. ಅವರಲ್ಲೊಬ್ಬರು ತೀರಾ ಸಾಧು, ಯಾರನ್ನೂ ತಡೆದವರಲ್ಲ. ಅವಳ ಮನೆ ನಮ್ಮ ಗೇಟಿನಿಂದ ಇಪ್ಪತ್ತು ಹೆಜ್ಜೆ. ಕರಣೆ ಇನ್ನೂ ನನ್ನ ಹತ್ತಿರವೇ ಇದೆ. ಅದನ್ನು ವಾಪಸು ಕೊಡಬೇಡವೆಂದು ಯಾವ ಚೇರ್ಮನ್ನರೂ ಹೇಳಿರಲಿಲ್ಲ.