ಆಯಿಯ ಕಣ್ಣಿಗೆ ಅಡ್ಡ ಬಂದ ಟಿವಿ

ನಮ್ಮ ವ್ಯಾನಿಗೆ ಟಿವಿ ಕೂರಿಸಿದ್ದು ಕಾರಹುಣ್ಣಿಮೆಯ ಮರುದಿನ. ಆ ದಿನದ ತಾರೀಖಿನ ಕೆಳಗೆ ದಿನಚರಿಯಲ್ಲಿ ನಾನು ಬರೆದದ್ದು ಒಂದೇ ಸಾಲು: "ಛತ್ತಿಗೆ ನಾಲ್ಕು ತೂತು ಕೊರೆದರು." ಅದರಲ್ಲೇ ನನ್ನ ಅಭಿಪ್ರಾಯವೂ ಬಂತು.

ವ್ಯಾನು ಹೊಸದಲ್ಲ. ಲಕ್ಷ್ಮೇಶ್ವರದ ಗೊಬ್ಬರದ ವ್ಯಾಪಾರಿಯೊಬ್ಬರು ಎಂಟು ವರ್ಷ ಓಡಿಸಿದ್ದನ್ನು ದೀಪಾವಳಿ ಮುಗಿದ ಮೇಲೆ ತಂದೆವು. ಮೂರು ಸಾಲು ಸೀಟು. ಕೊನೆಯ ಸಾಲಿನಲ್ಲಿ ಕೂತರೆ ಈಗಲೂ ಗೊಬ್ಬರದ ಚೀಲದ ವಾಸನೆ ಬರುತ್ತದೆ. ತರಲು ಎರಡು ಕಾರಣಗಳಿದ್ದವು. ಅಪ್ಪನ ತಮ್ಮ ಕಾಕಾನಿಗೆ ದೊಡ್ಡ ಗಾಡಿ ಬೇಕಿತ್ತು. ಆಯಿ, ಅಂದರೆ ನನ್ನ ಅಪ್ಪನ ತಾಯಿ, ಅಮಾವಾಸ್ಯೆಗೊಮ್ಮೆ ಹಮ್ಮಿಗಿಗೆ ಹೋಗಬೇಕಿತ್ತು. ಮೊದಲನೆಯದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎರಡನೆಯದನ್ನು ಗದಗಿಗೆ ಅಂಟಿದ ಬೆಟಗೇರಿಯ ನಮ್ಮ ಓಣಿಗೆಲ್ಲ ಹೇಳಿದರು.

ಹಮ್ಮಿಗಿಯಲ್ಲಿ ಆಯಿಯ ಅಕ್ಕ ಇದ್ದಾಳೆ. ಎಂಬತ್ತು ದಾಟಿದೆ. ಕಿವಿ ಪೂರ್ತಿ ಹೋಗಿರುವುದರಿಂದ ಫೋನು ಮಾಡಿ ಪ್ರಯೋಜನವಿಲ್ಲ. ಮೊಮ್ಮಕ್ಕಳ ಸಂಸಾರದಲ್ಲಿ ಚೆನ್ನಾಗಿಯೇ ಇದ್ದಾಳೆ. ಅಮಾವಾಸ್ಯೆ ಬಂತೆಂದರೆ ಮಾತ್ರ ಬೆಳಿಗ್ಗೆ ಸ್ನಾನ ಮುಗಿಸಿ ಕಟ್ಟೆಯ ಮೇಲೆ ಕೂತುಬಿಡುತ್ತಾಳೆ. ತಂಗಿ ಬರುವ ತನಕ ತುತ್ತು ಮುಟ್ಟುವುದಿಲ್ಲ. ಆಯಿ ಹೋಗಿ ಅವಳ ತಲೆಗೆ ಎಣ್ಣೆ ಹಚ್ಚಿ ಹಣಿಗೆಯಿಂದ ಬಾಚುತ್ತಾಳೆ. ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಾರೆ. ಸಂಜೆ ನಾವು ಹೊರಡುತ್ತೇವೆ. ಇಷ್ಟೇ ಅವರ ಅಮಾವಾಸ್ಯೆ.

ಆಯಿಗೆ ಗಾಡಿಯಲ್ಲಿ ವಾಂತಿಯಾಗುತ್ತದೆ. ಅದಕ್ಕೆ ಮದ್ದು ಅವಳೇ ಕಂಡುಕೊಂಡಿದ್ದಳು: ಎದುರಿನ ರಸ್ತೆ ಕಾಣುತ್ತಿರಬೇಕು. ನಡುವಿನ ಸಾಲಿನ ಸರಿಮಧ್ಯದಲ್ಲಿ ಕೂತು, ಮುಂದಿನ ಎರಡು ಸೀಟುಗಳ ಸಂದಿನಿಂದ ಮುಂಗಾಜಿನಾಚೆ ನೋಡುತ್ತ, ಮುಂಡರಗಿ ಹಾದು ಹಮ್ಮಿಗಿಯವರೆಗೂ ಬರುತ್ತಿದ್ದಳು. ನೋಡಿದ್ದನ್ನೆಲ್ಲ ವರದಿ ಮಾಡುತ್ತಿದ್ದಳು. "ಇವ್ರ ಕಡ್ಲಿ ಇನ್ನಾ ಕಿತ್ತಿಲ್ಲ ನೋಡ." "ಆ ಬದು ಯಾರ ಹಾಕ್ಯಾರೋ, ಖರೇನ ಕೈ ಮುಗೀಬೇಕು." ಗುಡ್ಡದ ಮೇಲಿನ ಗಾಳಿಯಂತ್ರಗಳಲ್ಲಿ ತಿರುಗುವವೆಷ್ಟು, ನಿಂತವೆಷ್ಟು ಎಂದು ಎಣಿಸಿ ನನಗೆ ಬರೆಸುತ್ತಿದ್ದಳು. ನನ್ನ ಲೆಕ್ಕದಲ್ಲಿ ಏಳು ಅಮಾವಾಸ್ಯೆ, ಏಳು ಪ್ರಯಾಣ, ವಾಂತಿ ಸೊನ್ನೆ.

ಆ ಸೊನ್ನೆಯನ್ನು ಕೆಡಿಸಲು ಒಂದು ಮದುವೆ ಸಾಕಾಯಿತು. ಕಾಕಾನ ಹೆಂಡತಿಯ ತವರು ಶಿರಹಟ್ಟಿ. ಅಲ್ಲಿಯ ಬೀಗರು ಮದುವೆಗೆ ತಂದ ಗಾಡಿಯಲ್ಲಿ ಟಿವಿ ಇತ್ತು. ಕಾಕಾ ಪಂಕ್ತಿಯ ಊಟ ಬಿಟ್ಟು ಆ ಗಾಡಿಯಲ್ಲಿ ಮುಕ್ಕಾಲು ಗಂಟೆ ಕೂತ. ಇಳಿದು ಬಂದಾಗ ಟಿವಿಯಲ್ಲಿ ಏನು ಹಚ್ಚಿದ್ದರು ಎಂದು ಕೇಳಿದೆ.

"ಏನ್ ಹಚ್ಚಿದ್ರೋ ಯಾರಿಗೆ ಗೊತ್ತು. ಟಿವಿ ಎಷ್ಟ ಚೊಲೊ ಐತಿ ಅಂತ ನೋಡಿದೆ" ಎಂದ.

ಗದಗಿನ ಅಂಗಡಿಯವನು ಸೀಟಿನ ಬೆನ್ನಿಗೆ ಕೂರಿಸುವ ಸಣ್ಣ ಪರದೆಗಳನ್ನು ತೋರಿಸಿದ. ಕಾಕಾನಿಗೆ ಅವು ಸಣ್ಣವಾದವು. ಬೇಡವಾದಾಗ ಮೇಲಕ್ಕೆ ಮಡಚುವಂಥದ್ದನ್ನು ತೋರಿಸಿದ. "ಮಡಚಿಟ್ರ ಹೊರಗಿನವ್ರಿಗೆ ಹೆಂಗ ಕಾಣತೈತಿ?" ಎಂದ ಕಾಕಾ. ಕೊನೆಗೆ ಮನೆಯ ಗೋಡೆಗೆ ಹಾಕುವಂಥ ಟಿವಿಯನ್ನೇ ಕಬ್ಬಿಣದ ಪಟ್ಟಿ ಬಡಿದು, ಮುಂದಿನ ಸೀಟುಗಳ ಹಿಂದೆ, ಛತ್ತಿನ ನಡುಮಧ್ಯ ಜೋತುಹಾಕಿದರು.

"ನಡುವಿನ ಕನ್ನಡಿ ಮುಚ್ಚತೈತ್ರಿ. ಹಿಂದ ಬರೋ ಗಾಡಿ ಕಾಣೂದಿಲ್ಲ" ಎಂದ ಅಂಗಡಿಯವ.

"ಹಿಂದ ಬರೋರು ನಮ್ಮನ್ನ ನೋಡ್ಕೊಂಡ ಬರ್ತಾರ ಬಿಡು."

ಅಳತೆಗೆ ನನ್ನನ್ನು ಕರೆದೊಯ್ದಿದ್ದರು. ಟಿವಿಯ ಅಗಲ, ಛತ್ತಿನಿಂದ ಇಳಿತ, ಕಾಕಾನ ಹುಡುಗರ ಕಣ್ಣಿಗೆ ಎಷ್ಟು ದೂರ, ಮೂರನ್ನೂ ಬರೆದುಕೊಂಡೆ. ಆಯಿ ಕೂರುವ ಜಾಗದಿಂದ ಮುಂಗಾಜಿಗೆ ಒಂದು ದಾರ ಹಿಡಿದು ನೋಡಬೇಕೆಂದು ನನಗೂ ಹೊಳೆಯಲಿಲ್ಲ. ಅವರ ಪೆದ್ದುತನವನ್ನು ಬರೆಯುವಾಗ ಇದನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಮಣ್ಣೆತ್ತಿನ ಅಮಾವಾಸ್ಯೆಗೆ ಹೊರಟೆವು. ಟಿವಿಯ ಮೇಲಿನ ಪ್ಲಾಸ್ಟಿಕ್ ಹಾಳೆ ಕೀಳಲು ಕಾಕಾ ಬಿಡಲಿಲ್ಲ, ಹೊಸದೆಂದು ಗೊತ್ತಾಗಬೇಕಲ್ಲ. ಅವನ ಮಕ್ಕಳಿಬ್ಬರು ರಿಮೋಟಿಗೆ ಕಿತ್ತಾಡಿದರು. ಆಯಿ ರಸ್ತೆ ಹುಡುಕಿ ಟಿವಿಯ ಕೆಳಗೆ ಬಗ್ಗಿದಳು, ಎಡಕ್ಕೆ ವಾಲಿದಳು, ಸೀಟಿನ ತುದಿಗೆ ಜರುಗಿದಳು.

"ಆಯೀ, ತಲಿ ಸರಸ! ಟಿವಿಗೆ ಅಡ್ಡ ಬರ್ತೈತಿ!" ಎಂದು ಹುಡುಗರು ಕೂಗಿದರು.

ಮುಂಡರಗಿ ಮುಟ್ಟುವುದರೊಳಗೆ ಎರಡು ವಾಂತಿ, ದಾಟಿದ ಮೇಲೆ ಒಂದು. ಹಮ್ಮಿಗಿಯಲ್ಲಿ ಇಳಿದ ಆಯಿ ನೇರ ಕಟ್ಟೆಗೆ ಬಂದು ಅಕ್ಕನ ಪಕ್ಕ ಒರಗಿದಳು. ಅಕ್ಕ ಅವಳ ಮುಖ ನೋಡಿದಳು, ಅವಳ ಕೈಯಿಂದ ಹಣಿಗೆ ತೆಗೆದುಕೊಂಡು ಅವತ್ತು ತಾನೇ ತಂಗಿಯ ತಲೆ ಬಾಚಿದಳು.

ಮನೆಯಲ್ಲಿ ಕಾರಣ ಹುಡುಕುವ ಕೆಲಸ ಶುರುವಾಯಿತು. ಶುಂಠಿ ಕೊಡಿ ಎಂದರು, ನಿಂಬೆಹಣ್ಣು ಮೂಸಲಿ ಎಂದರು. ಸೀಟಿನ ಮೇಲೆ ಪೇಪರ್ ಹಾಸಿ ಕೂರಿಸಿದರೆ ವಾಂತಿ ನಿಲ್ಲುತ್ತದೆ ಎಂದು ಕಾಕಾ ಹಳೆಯ ದಿನಪತ್ರಿಕೆ ಎತ್ತಿಟ್ಟ. ಅಂತಿಮ ತೀರ್ಪು ಕೊಟ್ಟದ್ದು ದೊಡ್ಡಪ್ಪ, ಆಯಿಯ ಹಿರಿಯ ಮಗ. "ಹೊಸಾ ಯಂತ್ರ ತಂದು ಪೂಜಿ ಮಾಡಲಿಲ್ಲ ನೀವು. ಬರೇ ಗಾಡಿಗೆ ಮಾಡಿದ್ರಿ. ಅದಕ್ಕ ಹಿಂಗಾತು."

ಪ್ರತಿ ಅಮಾವಾಸ್ಯೆ ಗಾಡಿಗೆ ವಿಭೂತಿ ಹಚ್ಚಿ, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದು ಅದರ ನೀರು ಚಿಮುಕಿಸುವುದು ನಮ್ಮಲ್ಲಿ ಎಲ್ಲರ ಪದ್ಧತಿ. ನಾಗರ ಅಮಾವಾಸ್ಯೆಯ ಬೆಳಿಗ್ಗೆ ದೊಡ್ಡಪ್ಪ ಮಡಿಯುಟ್ಟು ವ್ಯಾನಿನೊಳಗೆ ಹತ್ತಿದ. ಟಿವಿಗೆ ಮೂರು ಬೆರಳಿನ ವಿಭೂತಿ ಎಳೆದ, ಕುಂಕುಮ ಇಟ್ಟ, ಹೂವಿನ ಮಾಲೆ ಹಾಕಿದ. ಆಮೇಲೆ ಕಾಯಿಯ ನೀರನ್ನು ಧಾರಾಳವಾಗಿ ಮುಂದೆ, ಮೇಲೆ, ಹಿಂದಿನ ಗಾಳಿಯ ತೂತುಗಳಿಗೆ, ಎಲ್ಲ ಕಡೆ ಚಿಮುಕಿಸಿದ. ಕಾಕಾ ಕೈಮುಗಿದು ಟಿವಿ ಹಚ್ಚಿದ. ಚಟ್ ಎಂದಿತು. ಸುಟ್ಟ ವಾಸನೆ ಬಂತು. ಮುಗಿಯಿತು.

"ದೃಷ್ಟಿ ಇತ್ತು, ಹೋತು" ಎಂದ ದೊಡ್ಡಪ್ಪ.

ದೃಷ್ಟಿ ಹೋಯಿತು, ಟಿವಿ ಹೋಗಲಿಲ್ಲ. ಅಲ್ಲೇ ಜೋತಾಡುತ್ತಿತ್ತು. ಆಯಿ ಪೇಪರಿನ ಮೇಲೆ ಕೂತು, ಕೈಯಲ್ಲಿ ನಿಂಬೆಹಣ್ಣು ಹಿಡಿದು, ವಿಭೂತಿ ಹಚ್ಚಿದ ಕಪ್ಪು ಗಾಜನ್ನು ನೋಡುತ್ತ ಬಂದಳು. ವಾಂತಿ ಎರಡು. ಕಾಕಾನಿಗೆ ಸಮಾಧಾನವೇ ಆಯಿತು. "ನೋಡ್ರಿ, ಟಿವಿ ಬಂದ್ ಇತ್ತು. ಆದ್ರೂ ವಾಂತಿ ಆತು. ಅಂದ್ರ ಟಿವಿದೇನ ತಪ್ಪಿಲ್ಲ" ಎಂದ.

ದೊಡ್ಡಪ್ಪ ಮುಂದಿನ ಸೀಟಿನಲ್ಲಿ ಮಲಗಿದ್ದ. ಡ್ರೈವರ್ ಪಕ್ಕದ ಸೀಟು ನಮ್ಮ ಮನೆಯಲ್ಲಿ ಹಿರಿಯ ಗಂಡಸಿನದು. ಒಂಬತ್ತು ಪ್ರಯಾಣಗಳಲ್ಲಿ ಎಂಟು ಸಲ ಗದಗಿನ ಕೊನೆಯ ಮನೆ ದಾಟುವುದರೊಳಗೆ ಅವನಿಗೆ ನಿದ್ದೆ ಹತ್ತಿದೆ. ಗಾಡಿಯ ಎಲ್ಲಕ್ಕಿಂತ ದೊಡ್ಡ ಗಾಜು ಅವನ ಮುಂದೆ. ಅವನ ಕಣ್ಣು ಮುಚ್ಚಿರುತ್ತದೆ.

ಶ್ರಾವಣದ ಕೊನೆಯ ಸೋಮವಾರ ಎಲ್ಲರೂ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. "ದೊಡ್ಡಪ್ಪಾ, ನೀ ಹಿಂದ ಕುಂತು ಆಯಿ ಮುಂದ ಕುಂತ್ರ?"

ದೊಡ್ಡಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಉತ್ತರ ಕೊಟ್ಟದ್ದು ಕಾಕಾ. "ಹಿರೇ ಮನಷ್ಯಾನ್ನ ಹಿಂದ ಹುಡುಗೂರ ಜೋಡಿ ಕುಂಡ್ರಿಸಿ, ಹೆಣಮಕ್ಕಳು ಮುಂದ ಕುಂತು ಹೋಗೂದ? ಹಮ್ಮಿಗಿ ಮಂದಿ ಏನಂದಾರು?"

ಹೆಣ್ಣುಮಕ್ಕಳು ಎಂದದ್ದು ತನ್ನ ಹೆತ್ತ ತಾಯಿಗೆ.

"ನನ್ನ ಮಣಕಾಲಿಗೆ ಹಿಂದ ಜಾಗಾ ಸಾಲೂದಿಲ್ಲ" ಎಂದ ದೊಡ್ಡಪ್ಪ.

"ಹಂಗಾರ ಟಿವಿ ತಗೀರಿ. ಹೆಂಗೂ ಸತ್ತೈತಿ."

"ತಗದ್ರ ನಾಕು ತೂತು ಕಾಣ್ತಾವು" ಎಂದ ಕಾಕಾ. ಆಮೇಲೆ ಆಯಿಯ ಕಡೆ ತಿರುಗಿದ. "ಯವ್ವಾ, ಈ ಅಮಾಸಿ ಬ್ಯಾಡ ಬಿಡು. ಮುಂದಿಂದಕ ನೋಡೂಣು."

ಕಟ್ಟೆಯ ಮೇಲೆ ಉಪವಾಸ ಕೂರುವ ಅಕ್ಕನಿಗೆ ಆ ಸುದ್ದಿಯನ್ನು ಯಾವ ಕಿವಿಗೆ ಮುಟ್ಟಿಸುತ್ತಾರೆಂದು ಯಾರೂ ಯೋಚಿಸಲಿಲ್ಲ. ಆಯಿ ಊಟ ಮುಗಿಸಿ ತಾಟು ತೊಳೆದಿಟ್ಟಳು. ಅಮಾವಾಸ್ಯೆಯ ಬೆಳಿಗ್ಗೆ ನೋಡಿದರೆ ಹಣಿಗೆ, ಎಣ್ಣೆಯ ಬಾಟಲಿ ಕೈಚೀಲದಲ್ಲಿದ್ದವು.

"ತಂಗಿ, ಮುಂಡರಗಿ ಬಸ್ ಎಷ್ಟಕ್ಕ ಐತಿ?" ಎಂದು ಮೊಮ್ಮಗಳಾದ ನನ್ನನ್ನು ಕೇಳಿದಳು.

"ಏಳೂವರಿಗೆ ಒಂದ ಐತಿ."

"ನಡಿ, ಜಲ್ದಿ ಚಪ್ಪಲಿ ಮೆಟ್ಟು."

ಕಾಕಾ ಬಾಗಿಲಿಗೆ ಅಡ್ಡ ಬಂದ. "ಯವ್ವಾ, ಮನ್ಯಾಗ ಗಾಡಿ ಇಟ್ಕೊಂಡು ಬಸ್ಸಿಗೆ ಹ್ವಾದ್ರ ಮಂದಿ ನಗ್ತಾರ."

"ನಗಲಿ ಬಿಡಲೇ. ನಿನ್ನ ಗಾಡ್ಯಾಗ ವಾಂತಿ ಮಾಡ್ಕೊಂತ ಹ್ವಾದ್ರ ಅವ್ರೇನ ಅಳ್ತಾರೇನು?"

ಬಸ್ಸಿನಲ್ಲಿ ಆಯಿ ಬಾಗಿಲ ಬಳಿಯ ಮೊದಲ ಸೀಟು ಹಿಡಿದಳು. ಎದುರಿಗೆ ಬರೀ ಗಾಜು. ಹಿಂದೆ ಆರಾಮಾಗಿ ಕೂರಿ, ಖಾಲಿ ಇವೆ ಎಂದ ಕಂಡಕ್ಟರ್.

"ಇಲ್ಲೇ ಇರ್ತೇನಪಾ. ನಾ ರಸ್ತಾ ನೋಡ್ಕೊಂತ ಹೋಗಾಕಿ."

"ಹಂಗಾರ ನನಗ ನಿದ್ದಿ ಬಂದ್ರ ಎಬ್ಬಸ್ರಿ ಅಜ್ಜಿ" ಎಂದು ಡ್ರೈವರ್ ನಕ್ಕ.

"ನೀ ಮಲಗಬ್ಯಾಡೋ ಮಾರಾಯಾ. ಮುಂದ ಕುಂತು ಮಲಗಾವ ನಮ್ಮ ಮನ್ಯಾಗ ಒಬ್ಬ ಅದಾನ, ಸಾಕು."

ಬಹಳ ದಿನದ ಮೇಲೆ ವರದಿ ಶುರುವಾಯಿತು. ಹೆಸರುಕಾಯಿ ಬಿಡಿಸುತ್ತಿದ್ದಾರೆ. ಉಳ್ಳಾಗಡ್ಡಿ ಹೊಲದಲ್ಲಿ ಕಳೆ ತೆಗೆದಿದ್ದಾರೆ. ಗಾಳಿಯಂತ್ರ ತಿರುಗುತ್ತಿದ್ದವು ಹದಿನಾಲ್ಕು, ನಿಂತವು ಮೂರು. ಮುಂಡರಗಿಯಲ್ಲಿ ಬಸ್ಸು ಬದಲಿಸಿದೆವು; ಮುಕ್ಕಾಲು ಗಂಟೆ ಕಾದೆವು. ಹಮ್ಮಿಗಿ ಮುಟ್ಟಿದಾಗ ಹನ್ನೊಂದು. ಅಕ್ಕ ಕಟ್ಟೆಯ ಮೇಲಿದ್ದಳು. ವ್ಯಾನು ಬರುವ ದಿಕ್ಕನ್ನೇ ನೋಡುತ್ತಿದ್ದವಳು ನಾವು ನಡೆದು ಬರುವುದನ್ನು ಕಂಡು ಎದ್ದು ನಿಂತಳು. ಆಯಿ ಸೆರಗು ಸಿಕ್ಕಿಸಿ, ಅವಳನ್ನು ಕೂರಿಸಿ, ಚೀಲದಿಂದ ಹಣಿಗೆ ತೆಗೆದಳು.

ಸಂಜೆ ಮನೆಗೆ ಬಂದಾಗ ಕಾಕಾ ಕೇಳಿದ, "ಹಾದ್ಯಾಗ ತ್ರಾಸ ಆತೇನು?"

"ಉಳ್ಳಾಗಡ್ಡಿ ಚೊಲೊ ಬಂದಾವು" ಎಂದಳು ಆಯಿ, ಒಳಗೆ ಹೋದಳು.

ವ್ಯಾನು ಬಾಗಿಲ ಮುಂದೆ ನಿಂತಿತ್ತು. ಟಿವಿಗೆ ಅವತ್ತಿನ ಹೊಸ ಮಾಲೆ ಹಾಕಿದ್ದರು. ಮುಂದಿನ ಸೀಟಿನಲ್ಲಿ, ಗಾಳಿಗೆ ಬಾಗಿಲು ತೆರೆದಿಟ್ಟುಕೊಂಡು, ದೊಡ್ಡಪ್ಪ ನಿದ್ದೆ ಹೋಗಿದ್ದ. ನಾನು ದಿನಚರಿ ತೆಗೆದು ಬರೆದೆ: ಪ್ರಯಾಣ ಹತ್ತು, ವಾಂತಿ ಸೊನ್ನೆ. ಅಂದಿನಿಂದ ಅಮಾವಾಸ್ಯೆಗೆ ನಾವಿಬ್ಬರೂ ಏಳೂವರೆಯ ಬಸ್ಸಿಗೇ ಹೋಗುತ್ತೇವೆ.