ಬಲಕ್ಕೆ ಗಡಂಗು, ಎಡಕ್ಕೆ ಕಡಲು

“ಮಹಿಮೆಯೆಲ್ಲ ದೇವರಿಗೇ” ಎಂಬ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ದೇವರ ಮೇಲಿನ ಸಿಟ್ಟಲ್ಲ, ಅದನ್ನು ಹೇಳುತ್ತಿದ್ದ ಬಾಯಿಯ ಮೇಲಿನದು. ಮಂಗಲ್ಪಾಡಿಯ ಕಡೆ ಇದ್ದ ನಮ್ಮ ಸಣ್ಣ ಕ್ರೈಸ್ತ ಸಭೆಯ ಹಿರಿಯರ ಬಾಯಿ ಅದು. ಅವರ ತೆಂಗು ಚೆನ್ನಾಗಿ ಕಾಯಿ ಬಿಟ್ಟರೆ ದೇವರ ಕೃಪೆ, ಬಿಡದಿದ್ದರೆ ನೀರು ಹಾಕುವವನ ಸೋಮಾರಿತನ. ನನ್ನ ಗಂಡ ಹೊಲಿದ ಕೋಟು ಅವರಿಗೆ ಸರಿಯಾಗಿ ಕೂತರೆ ಅದು ದೇವರು ಕೊಟ್ಟ ಮೈಕಟ್ಟು. ತೋಳು ಬಿಗಿಯಾದರೆ ಮಾತ್ರ ದರ್ಜಿಗೆ ಕಣ್ಣಿಲ್ಲ!

ನನ್ನ ಗಂಡ ಒಳ್ಳೆಯ ದರ್ಜಿ, ಅಷ್ಟೇ ಒಳ್ಳೆಯ ಕುಡುಕ. ಮದ್ರಾಸ್ ಸರಕಾರ ಇನ್ನೂ ಕುಡಿತವನ್ನು ನಿಲ್ಲಿಸಿರಲಿಲ್ಲ. ನಮ್ಮ ಓಣಿ ರಸ್ತೆಗೆ ಸೇರುವಲ್ಲಿ ಬಲಕ್ಕೆ ತಿರುಗಿದರೆ ಶರಾಬಿನ ಗಡಂಗು, ಎಡಕ್ಕೆ ತಿರುಗಿದರೆ ಕಡಲು. ಇವರ ಕಾಲಿಗೆ ಎಡಕ್ಕೆ ತಿರುಗಿಯೇ ಗೊತ್ತಿರಲಿಲ್ಲ. ನಮ್ಮಲ್ಲಿ ಪ್ರಭುಭೋಜನಕ್ಕೆ ಬರುವವರು ಹಿಂದಿನ ವಾರವೇ ಸಭಾಪಾಲಕರ ಮನೆಗೆ ಹೋಗಿ ಹೆಸರು ಬರೆಸಬೇಕಿತ್ತು. ಹಿರಿಯರ ಮಾತಿನಂತೆ ಎರಡು ವರ್ಷ ಇವರ ಹೆಸರನ್ನು ಬರೆದುಕೊಳ್ಳಲಿಲ್ಲ. ಎಲ್ಲರೂ ರೊಟ್ಟಿಗೂ ದ್ರಾಕ್ಷಾರಸಕ್ಕೂ ಎದ್ದು ಪ್ರಭುವಿನ ಮೇಜಿಗೆ ಹೋಗುವಾಗ ಇವರೊಬ್ಬರೇ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದರು.

ಹಿರಿಯರು ನನ್ನನ್ನು ಕರೆಸಿ, “ಮನೆಯಲ್ಲಿ ಹೆಂಡತಿ ಸರಿ ಇದ್ದರೆ ಗಂಡಸು ಯಾಕೆ ಕುಡಿಯುವುದು? ನೋಡಿಕೊಳ್ಳಬೇಕಲ್ಲ ನೀನು!” ಎಂದರು. ಅಂದರೆ ಕುಡಿತಕ್ಕೆ ಕಾರಣ ನಾನು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಒಂದು ದಿನ ಇವರೇ ನನ್ನ ಮುಂದೆ ಅತ್ತರು. “ನನಗೆ ಆ ಮೇಜಿನ ಹತ್ತಿರ ಇನ್ನೊಮ್ಮೆ ಹೋಗಬೇಕು ಮಾರಾಯ್ತಿ. ಎಂತ ಮಾಡುವುದು ಹೇಳು.”

ನನಗೇನು ಮಂತ್ರ ಗೊತ್ತಿತ್ತೇ? ಸಂಜೆ ಐದು ಗಂಟೆಗೆ ಇವರ ಗಂಟಲು ಒಣಗುತ್ತದೆ ಎಂಬುದಷ್ಟು ಗೊತ್ತಿತ್ತು. ಐದಕ್ಕೆ ಹೊಲಿಗೆ ಮೆಷಿನಿಗೆ ಬಟ್ಟೆ ಮುಚ್ಚಿ, ಹುರಿದ ಹಲಸಿನ ಬೀಜವನ್ನು ಸೆರಗಿಗೆ ಕಟ್ಟಿಕೊಂಡು, ಇವರ ಮೊಣಕೈ ಹಿಡಿದು ಎಡಕ್ಕೆ ತಿರುಗಿಸುತ್ತಿದ್ದೆ. ಕಡಲ ಬದಿಯಲ್ಲಿ ಕತ್ತಲಾಗುವವರೆಗೆ ನಡೆಯುವುದು. ನಾನು ಬೀಜ ಸುಲಿದು ಕೊಡುವುದು, ಇವರು ಜಗಿಯುವುದು. ಮೊದಮೊದಲು ನನಗೆ ಬೈದರು, ಒಮ್ಮೆ ಕೈ ಕೊಡವಿ ಓಡಿದರು. ಓಡಿ ಹಿಡಿದು ತಂದೆ. ಊರ ಹೆಂಗಸರು ಬಾಯಿಗೆ ಸೆರಗು ಇಟ್ಟು ನಕ್ಕರು. ನಗಲಿ! ಕೈ ನಡುಗಿ ಸೂಜಿಗೆ ನೂಲು ಪೋಣಿಸಲಾಗದ ದಿನಗಳಲ್ಲಿ ನಾನೇ ಪೋಣಿಸಿ ಕೊಟ್ಟೆ. ಪ್ರಾರ್ಥನೆ ಮಾಡಲಿಲ್ಲ ಎಂದಲ್ಲ. ನಡೆಯುತ್ತಲೇ ಮಾಡಿದೆ, ದೇವರು ಕೇಳಿಯೂ ಇದ್ದಾನೆ. ಎಂಟು ತಿಂಗಳು ಇವರು ಒಂದು ಹನಿ ಮುಟ್ಟಲಿಲ್ಲ.

ಆಗ ಹಿರಿಯರಿಗೆ ಎಚ್ಚರವಾಯಿತು. ಸಭೆಯ ಮುಂದೆ ಸಾಕ್ಷಿ ಹೇಳಿದರೆ ಮೇಜಿಗೆ ಬರಬಹುದು ಎಂದರು. ಆ ಭಾನುವಾರ ಇವರು ತಮ್ಮದೇ ಹೊಲಿಗೆಯ ಬಿಳಿ ಅಂಗಿ ಹಾಕಿಕೊಂಡು ಎದ್ದು ನಿಂತರು.

“ದೇವರು ನನ್ನನ್ನು ಬಿಡಿಸಿದ. ಮತ್ತೆ ನನ್ನ ಹೆಂಡತಿ ದಿನಾ ಸಂಜೆ...”

“ಸಾಕು, ಅವಳ ಸುದ್ದಿ ಇಲ್ಲಿ ಬೇಡ” ಎಂದು ಹಿರಿಯರು ತಡೆದರು. “ದೇವರ ಮಹಿಮೆಯಲ್ಲಿ ಮನುಷ್ಯರಿಗೆ ಪಾಲು ಉಂಟಾ? ನಾನು ಇವನಿಗಾಗಿ ಮೂರು ದಿನ ಉಪವಾಸವಿದ್ದು ಪ್ರಾರ್ಥಿಸಿದ್ದೆ. ನಾನು ಹೇಳಿಕೊಂಡೆನಾ? ಇಲ್ಲ! ನಾನು ದೇವರ ಕೈಯಲ್ಲಿ ಬರೀ ಒಂದು ಪಾತ್ರೆ.”

ಪಾತ್ರೆಯಂತೆ, ಪಾತ್ರೆ! ನಮ್ಮ ಮನೆಯ ಪಾತ್ರೆಗಳಾದರೂ ಬೆಂಕಿಯ ಮೇಲೆ ಕೂರುತ್ತವೆ. ಈ ಹಿರಿಯರು ಯಾವ ಒಲೆಯ ಮೇಲೆ ಕೂತಿದ್ದರು?

ಗಂಡ ನನ್ನ ಕಡೆ ನೋಡಿದರು. ಮೇಜು ಹತ್ತು ಹೆಜ್ಜೆ ದೂರದಲ್ಲಿತ್ತು. ಹಿರಿಯರಿಗೆ ಬೇಕಾದ ಹಾಗೇ ಹೇಳಿಬಿಡಿ ಎಂದು ನಾನೇ ಕಣ್ಸನ್ನೆ ಮಾಡಿದೆ. ಥೂ, ನನ್ನ ಜನ್ಮಕ್ಕಿಷ್ಟು! ಹಿರಿಯರ ಮೇಲೆ ಎಷ್ಟು ಹೇಸಿಗೆಯೋ ಆ ಕಣ್ಸನ್ನೆಯ ಮೇಲೂ ಅಷ್ಟೇ ಹೇಸಿಗೆ ನನಗೆ.

“ಎಲ್ಲ ದೇವರೇ ಮಾಡಿದ್ದು, ಮನುಷ್ಯರದ್ದು ಎಂತ ಇಲ್ಲ” ಎಂದರು ಇವರು. ರೊಟ್ಟಿ ಸಿಕ್ಕಿತು.

ಸಂಜೆ ಐದಕ್ಕೆ ಇವರು ಬಾಗಿಲಲ್ಲಿ ನಿಂತು, “ಹೊರಡುವನಾ?” ಎಂದರು.

“ನಾನು ಯಾಕೆ? ದೇವರನ್ನೇ ಕರಕೊಂಡು ಹೋಗಿ. ಮನುಷ್ಯರದ್ದು ಎಂತ ಇಲ್ಲ ಅಂತ ಊರಿಗೇ ಹೇಳಿ ಆಯಿತಲ್ಲ!”

ಇವರು ಒಬ್ಬರೇ ಹೋದರು. ಹುರಿದ ಬೀಜ ಮಣೆಯ ಮೇಲೆಯೇ ಉಳಿಯಿತು. ಒಬ್ಬರೇ ಹೋದರೆ ಆ ಕಾಲು ಬಲಕ್ಕೇ ತಿರುಗೀತು ಎಂದು ಅದನ್ನು ನೋಡಿದಾಗ ಹೊಳೆಯಿತು. ಅಯ್ಯೋ, ಹಾಳು ಸಿಟ್ಟೇ! ಬೀಜವನ್ನು ಸೆರಗಿಗೆ ಸುರಿದುಕೊಂಡು ಬರಿಗಾಲಲ್ಲಿ ಓಡಿದೆ.

ಓಣಿ ರಸ್ತೆಗೆ ಸೇರುವಲ್ಲಿ ಇವರು ಕಲ್ಲಿನಂತೆ ನಿಂತಿದ್ದರು, ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಎದುರಿನಲ್ಲಿ ಕೋಟು ತೊಟ್ಟು ಗಾಳಿಗೆ ಹೊರಟ ಹಿರಿಯರು.

“ಎಂತ ಮಾರಾಯ, ಇಲ್ಲಿ ನಿಂತು ಯಾರನ್ನು ಕಾಯುವುದು?”

“ದೇವರನ್ನು, ಹಿರಿಯರೇ. ಬೆಳಿಗ್ಗೆ ನೀವು ಹೇಳಿದ ಹಾಗೆ.” ಇವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಅಷ್ಟರಲ್ಲಿ ನಾನು ಇವರ ಕಣ್ಣಿಗೆ ಬಿದ್ದೆ. “ಹೋ, ಇವಳು ಬಂದಳು. ಇನ್ನು ನೀವು ಕಾಯಿರಿ, ನಾನು ಹೋಗ್ತೇನೆ.”

ಹಾಗೆಂದು ನನ್ನ ಮೊಣಕೈ ಹಿಡಿದು ಎಡಕ್ಕೆ ತಿರುಗಿದರು. ಆ ಸಂಜೆ ಬೀಜ ಸುಲಿದವರು ಇವರು, ತಿಂದವಳು ನಾನು.