ಊಟ ಒಲ್ಲದ ಮರಿಯೂ ನಮ್ಮ ದೊಡ್ಡಮ್ಮನೂ

ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರವನ್ನೂ ಬಡ ಮಾತುಗಳನ್ನೂ ಮನ್ನಿಸಿ. ದೊಡ್ಡಮ್ಮನ ಬಗ್ಗೆ ಬರೆಯಲು ನನಗೆ ಇಷ್ಟೇ ಬರುವುದು. ಸಾಕಿದ ಹಾವುಗಳಿಂದ ಮರಿ ಮಾಡಿಸುವುದು ಅವರ ಕಸುಬು. ಮರಿಗಳ ಕೋಣೆಗೆ ಹೋಗುವಾಗ ಬಳೆ ತೆಗೆದಿಡುತ್ತಾರೆ. ಉಸಿರನ್ನೂ ಹೊಸ್ತಿಲಾಚೆ ಬಿಟ್ಟು ಹೋಗುತ್ತಾರೇನೋ ಅನ್ನಿಸುತ್ತದೆ. "ಹಾವಿಗೆಲ್ಲಿ ಕಿವಿ, ಅತ್ತಿಗೆ?" ಎಂದು ಅಪ್ಪ ನಕ್ಕರೆ, "ನೀನು ನಡೆದ್ರೆ ನೆಲಾನೇ ಅದಕ್ಕೆ ಚಾಡಿ ಹೇಳುತ್ತೆ ಕಣಪ್ಪ" ಎನ್ನುತ್ತಾರೆ. ಪ್ರತಿ ಮರಿಗೂ ಒಂದು ಸಣ್ಣ ಡಬ್ಬಿ, ಅಡಗಲು ಮಡಕೆಯ ಚೂರು, ಒಂದು ಬದಿ ಮಾತ್ರ ಬೆಚ್ಚಗೆ. ಈ ಸಲ ಎಲ್ಲಕ್ಕಿಂತ ಚಿಕ್ಕದೊಂದು ಮೊಟ್ಟೆಯೊಡೆದು ಬಂದಾಗಿನಿಂದ ಏನೂ ತಿನ್ನದೆ ದಾರದಂತೆ ಸೊರಗಿತ್ತು. "ಬಾಯಿ ಬಿಡಿಸಿ ತುರುಕಿಬಿಡಿ, ಇಲ್ಲಾಂದ್ರೆ ಸಾಯುತ್ತೆ" ಎಂದರು ಅಪ್ಪ. ದೊಡ್ಡಮ್ಮ ಫ್ರೀಜರಿನಲ್ಲಿದ್ದ ಎಳೆ ಇಲಿಮರಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಮಡಕೆ ಚೂರಿನ ಬಳಿಯಿಟ್ಟು, ಡಬ್ಬಿಗೆ ಬಟ್ಟೆ ಹೊದಿಸಿದರು. "ನಾವು ನೋಡ್ತಾ ನಿಂತ್ರೆ ಅದು ಹೇಗೆ ತಿನ್ನುತ್ತೆ, ಬಾ" ಎಂದು ನನ್ನನ್ನು ಹೊರಗೆ ಕರೆತಂದರು. ಹಿಂದೆ ನಾನು ಶಾಲೆಗೆ ಹೋಗುವುದನ್ನೇ ಬಿಟ್ಟು ನನ್ನ ಕೋಣೆಯ ಬಾಗಿಲು ಹಾಕಿಕೊಂಡಿದ್ದಾಗಲೂ ಅವರು ಹೀಗೆಯೇ ತಟ್ಟೆಗೆ ಬಟ್ಟೆ ಮುಚ್ಚಿ, ಬಾಗಿಲ ಬಳಿಯಿಟ್ಟು, ಸದ್ದಿಲ್ಲದೆ ಹೋಗುತ್ತಿದ್ದರು. ಇಂದು ಬೆಳಗ್ಗೆ ಬಟ್ಟೆ ಸರಿಸಿದಾಗ ಇಲಿಯಿರಲಿಲ್ಲ. ಮರಿಯ ಮೈ ನಡುವೆ ಪುಟ್ಟದೊಂದು ಉಬ್ಬು ಇತ್ತು. ಅದು ಅರಗುವವರೆಗೆ ನಾನು ನೀರು ಮಾತ್ರ ಬದಲಿಸುತ್ತೇನೆ, ಮರಿಯನ್ನು ಮುಟ್ಟುವುದಿಲ್ಲ.